ಟೈಟೇನಿಯಂ ಬಿಡಿಭಾಗಗಳಿಗೆ ಬಣ್ಣ: ವಿಧಾನ, ವೆಚ್ಚ ಮತ್ತು ಕರಾರು

ಸಣ್ಣ ಉತ್ಪಾದನಾ ಘಟಕಗಳು ಲೋಹದ ಮೇಲ್ಮೈ ಸಂಸ್ಕರಣೆಯ ಕೆಲಸಕ್ಕೆ ದರ ಹೇಳುವಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಕಣ್ಣಿಗೆ ಕಾಣುವ ಕ್ರಿಯೆಗೆ ಮಾತ್ರ ಬೆಲೆ ಕಟ್ಟಲಾಗುತ್ತದೆ. ಅದರ ಹಿಂದೆ ಮತ್ತು ಮುಂದೆ ನಡೆಯುವ ಶ್ರಮ ಲೆಕ್ಕದಿಂದ ಹೊರಗುಳಿಯುತ್ತದೆ. ಮಡಿಸುವ ಚಾಕುವಿನ ಟೈಟೇನಿಯಂ ಭಾಗಗಳಿಗೆ ವಿದ್ಯುತ್ತಿನ ನೆರವಿನಿಂದ ಬಣ್ಣ ತರುವ ಕೆಲಸ ಇದಕ್ಕೆ ಉತ್ತಮ ನಿದರ್ಶನ. ಬಣ್ಣ ಮೂಡುವುದು ಅರ್ಧ ನಿಮಿಷದಲ್ಲಿ. ಅದಕ್ಕೆ ತಗಲುವ ವಿದ್ಯುತ್ತಿನ ಬೆಲೆ ಒಂದು ಪೈಸೆಗೂ ಕಡಿಮೆ. ಆದರೆ ಒಂದು ಚಾಕುವನ್ನು ಬಿಚ್ಚಿ, ಸಿದ್ಧಪಡಿಸಿ, ಬಣ್ಣ ತಂದು, ಮತ್ತೆ ಜೋಡಿಸಿ ಗ್ರಾಹಕನ ಕೈಗೆ ಕೊಡಲು ಸುಮಾರು ಎರಡು ಗಂಟೆ ಬೇಕು. ಈ ಎರಡು ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಘಟಕ ಉಳಿಯುತ್ತದೆ. ತೆಗೆದುಕೊಳ್ಳದ ಘಟಕ ಆರ್ಡರು ಹೆಚ್ಚಿದಷ್ಟೂ ಸೊರಗುತ್ತದೆ.

ತುಮಕೂರಿನ ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರ ಹಾಗೂ ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯದಂಥ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳಿಗೆ ಅಲ್ಯೂಮಿನಿಯಂ ಆನೋಡೈಸಿಂಗ್ ಹೊಸ ಮಾತಲ್ಲ. ಟೈಟೇನಿಯಂ ಆನೋಡೈಸಿಂಗ್ ಹೆಸರಿನಲ್ಲಿ ಅದಕ್ಕೆ ಹತ್ತಿರವಾದರೂ ಗುಣದಲ್ಲಿ ಬೇರೆ. ಅದರ ವಿಧಾನವನ್ನೂ ವೆಚ್ಚವನ್ನೂ ಕಾನೂನಿನ ಕೆಲವು ಅಂಶಗಳನ್ನೂ ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

1. ಲೋಹ ಮತ್ತು ಅದರ ಮಾರುಕಟ್ಟೆ

ಟೈಟೇನಿಯಂ ಲೋಹವನ್ನು 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಗುರುತಿಸಿದರು. 1795ರಲ್ಲಿ ಜರ್ಮನಿಯ ಕ್ಲಾಪ್ರೋತ್ ಅದಕ್ಕೆ ಈಗಿನ ಹೆಸರನ್ನಿಟ್ಟರು. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ, ಉಕ್ಕಿನದು ಸುಮಾರು 7.8 ಗ್ರಾಂ. ತೂಕ ಕಡಿಮೆ, ಬಲ ಹೆಚ್ಚು, ತುಕ್ಕಿನ ಭಯವಿಲ್ಲ. ಈ ಗುಣಗಳಿಂದಾಗಿ ವಿಮಾನ, ಬಾಹ್ಯಾಕಾಶ ಮತ್ತು ವೈದ್ಯಕೀಯ ಕ್ಷೇತ್ರಗಳಲ್ಲಿ ಅದಕ್ಕೆ ಬೇಡಿಕೆ ಇದೆ. ಭಾರತದಲ್ಲಿ ಇದರ ಕಚ್ಚಾ ಅದಿರು ಕೇರಳ, ತಮಿಳುನಾಡು ಮತ್ತು ಒಡಿಶಾದ ಕಡಲ ಮರಳಿನಲ್ಲಿ ಸಿಗುತ್ತದೆ. ಕೊಲ್ಲಂ ಜಿಲ್ಲೆಯ ಚವರದಲ್ಲಿರುವ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ ಸಂಸ್ಥೆಯಲ್ಲಿ ವರ್ಷಕ್ಕೆ 500 ಟನ್ ಸಾಮರ್ಥ್ಯದ ಟೈಟೇನಿಯಂ ಸ್ಪಂಜ್ ಘಟಕ 2011ರಲ್ಲಿ ಆರಂಭವಾಯಿತು. ಹೈದರಾಬಾದಿನ ಮಿಧಾನಿ ಸಂಸ್ಥೆ ಈ ಲೋಹದ ಸರಳು, ತಗಡುಗಳನ್ನು ತಯಾರಿಸುತ್ತದೆ.

ಚಾಕುವಿನ ಅಲಗಿಗೆ ಟೈಟೇನಿಯಂ ತಕ್ಕುದಲ್ಲ. ಅದು ಉಕ್ಕಿನಷ್ಟು ಹರಿತವನ್ನು ಹಿಡಿದಿಡಲಾರದು. ಬಳಕೆಯಾಗುವುದು ಹಿಡಿಯ ಎರಡು ಪಟ್ಟಿಗಳು, ಅಲಗನ್ನು ತಡೆದು ನಿಲ್ಲಿಸುವ ಲಾಕ್ ಪಟ್ಟಿ, ಜೇಬಿಗೆ ಸಿಕ್ಕಿಸುವ ಕ್ಲಿಪ್ ಮತ್ತು ಕೆಲವು ಸ್ಕ್ರೂಗಳಿಗೆ. ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕ್ರಿಸ್ ರೀವ್ ಎಂಬ ಕುಶಲಕರ್ಮಿ ಹಿಡಿಯ ಪಟ್ಟಿಯನ್ನೇ ಲಾಕ್ ಆಗಿ ಬಳಸುವ ವಿನ್ಯಾಸವನ್ನು ರೂಪಿಸಿದ ಮೇಲೆ ಇಂಥ ಚಾಕುಗಳು ಒಂದು ಪ್ರತ್ಯೇಕ ವರ್ಗವಾಗಿ ಬೆಳೆದವು. ಅವರ ಪ್ರಸಿದ್ಧ ಚಾಕುವಿನ ಹೆಸರು ಸೆಬೆಂಜಾ; ಜುಲು ಭಾಷೆಯಲ್ಲಿ ಆ ಪದಕ್ಕೆ ಕೆಲಸ ಎಂದರ್ಥ. ಇವುಗಳನ್ನು ಕೊಳ್ಳುವವರು ಬಹುಪಾಲು ಹವ್ಯಾಸಿಗಳು. ತಮ್ಮ ಚಾಕು ಇತರರದಕ್ಕಿಂತ ಬೇರೆಯಾಗಿ ಕಾಣಬೇಕೆಂಬುದು ಅವರ ಆಸೆ. ಬಣ್ಣದ ಕೆಲಸಕ್ಕೆ ಮಾರುಕಟ್ಟೆ ಹುಟ್ಟಿದ್ದು ಆ ಆಸೆಯಿಂದ.

ಗುಬ್ಬಿ ಸೀಮೆಯಲ್ಲಿ ತೆಂಗು, ಅಡಕೆಯ ಕೆಲಸಕ್ಕೆ ಬಳಸುವ ಕತ್ತಿ, ಕುಡುಗೋಲು, ಅಡಕತ್ತರಿಗಳು ಉಕ್ಕಿನವು. ಅವುಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ. ಆದರೆ ಚಾಕುವಿನ ಮೇಲೆ ಕಲಿತ ಕೌಶಲ ಕೀಲಿಗೊಂಚಲಿನ ಬಿಲ್ಲೆ, ಪೆನ್ನಿನ ಕವಚ, ಗಡಿಯಾರದ ಕವಚ, ಸೈಕಲ್ಲಿನ ಬೋಲ್ಟು, ಆಭರಣದ ತುಣುಕು ಇವೆಲ್ಲಕ್ಕೂ ಹೊಂದುತ್ತದೆ. ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಿದ್ದ ತುಮಕೂರಿಗೆ ಸೂಕ್ಷ್ಮ ಲೋಹಕೆಲಸದ ಪರಿಚಯ ಹಳೆಯದು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ತೀರ್ಮಾನಿಸಿತು.

2. ಬಣ್ಣ ಬರುವುದು ಹೇಗೆ

ಅಲ್ಯೂಮಿನಿಯಂ ಆನೋಡೈಸಿಂಗ್‌ನಲ್ಲಿ ಗಂಧಕಾಮ್ಲದ ತೊಟ್ಟಿಯಲ್ಲಿ ಸೂಕ್ಷ್ಮರಂಧ್ರಗಳುಳ್ಳ ದಪ್ಪ ಪದರ ಬೆಳೆಯುತ್ತದೆ. ಅದರ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್. ಆ ರಂಧ್ರಗಳಿಗೆ ಬಣ್ಣ ತುಂಬಿಸಿ, ಬಿಸಿನೀರಿನಲ್ಲಿ ಮುಚ್ಚಲಾಗುತ್ತದೆ. ಅಲ್ಲಿ ಕಾಣುವುದು ನಿಜವಾದ ವರ್ಣದ್ರವ್ಯ.

ಟೈಟೇನಿಯಂನಲ್ಲಿ ಬಣ್ಣವನ್ನು ಹೊರಗಿನಿಂದ ಹಚ್ಚುವುದಿಲ್ಲ. ಲೋಹದ ಮೇಲೆ ಸಹಜವಾಗಿಯೇ ಕೆಲವು ನ್ಯಾನೋಮೀಟರ್ ದಪ್ಪದ ಪಾರದರ್ಶಕ ಆಕ್ಸೈಡ್ ಪದರವಿರುತ್ತದೆ. ಲೋಹವನ್ನು ಧನಧ್ರುವಕ್ಕೆ ಜೋಡಿಸಿ ಸೌಮ್ಯವಾದ ಲವಣದ್ರಾವಣದಲ್ಲಿ ವಿದ್ಯುತ್ ಹಾಯಿಸಿದಾಗ ಈ ಪದರ ದಪ್ಪವಾಗುತ್ತದೆ. ಪ್ರತಿ ಒಂದು ವೋಲ್ಟಿಗೆ ಸರಿಸುಮಾರು 2 ನ್ಯಾನೋಮೀಟರ್ ಬೆಳವಣಿಗೆ. ಪದರದ ಮೇಲ್ಭಾಗದಿಂದ ಹಿಂದಿರುಗುವ ಬೆಳಕು, ತಳದ ಲೋಹದಿಂದ ಹಿಂದಿರುಗುವ ಬೆಳಕು ಇವೆರಡೂ ಕೂಡಿದಾಗ ಕೆಲವು ಬಣ್ಣಗಳು ಅಳಿದು ಕೆಲವು ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್ಲಿನ ತೆಳುಪದರ ಕಾಮನಬಿಲ್ಲಿನಂತೆ ಕಾಣುವುದು ಇದೇ ಕಾರಣದಿಂದ.

ಇದರಿಂದ ಮೂರು ಸಂಗತಿಗಳು ಹೊರಡುತ್ತವೆ. ಒಂದು, ಬಣ್ಣವನ್ನು ನಿರ್ಧರಿಸುವುದು ಮುಖ್ಯವಾಗಿ ವೋಲ್ಟೇಜ್. ಪದರ ಆಯಾ ವೋಲ್ಟೇಜಿಗೆ ತಕ್ಕಷ್ಟು ಬೆಳೆದು ತಾನಾಗಿಯೇ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಎರಡು, ವೋಲ್ಟೇಜ್ ಏರಿಸಿ ಮುಂದಿನ ಬಣ್ಣಕ್ಕೆ ಹೋಗಬಹುದು, ಇಳಿಸಿ ಹಿಂದಿನದಕ್ಕೆ ಬರಲಾಗದು. ಹಿಂದೆ ಬರಬೇಕಾದರೆ ಪದರವನ್ನು ಉಜ್ಜಿ ತೆಗೆದು ಮೊದಲಿನಿಂದ ಆರಂಭಿಸಬೇಕು. ಮೂರು, ಅಚ್ಚ ಕೆಂಪು, ಕಪ್ಪು, ಬಿಳಿ ಬಣ್ಣಗಳು ಈ ವಿಧಾನದಲ್ಲಿ ಬರುವುದಿಲ್ಲ. ಅವುಗಳನ್ನು ಕೇಳುವ ಗ್ರಾಹಕನಿಗೆ ಆರ್ಡರು ಪಡೆಯುವ ಮೊದಲೇ ಇದನ್ನು ತಿಳಿಸಬೇಕು.

ಈ ತತ್ತ್ವ ಆಟಿಕೆಯ ವಿಷಯವಲ್ಲ. ಆಸ್ಟ್ರಿಯ ದೇಶದ ಟಂಕಸಾಲೆ 2003ರಿಂದ ಬೆಳ್ಳಿಯ ನಡುವೆ ಬಣ್ಣದ ನಿಯೋಬಿಯಂ ಕೂರಿಸಿದ 25 ಯೂರೋ ನಾಣ್ಯಗಳನ್ನು ಇದೇ ಬಗೆಯ ಪದರವಿಧಾನದಿಂದ ಹೊರತಂದಿದೆ. ಮುರಿದ ಮೂಳೆಗೆ ಹಾಕುವ ಟೈಟೇನಿಯಂ ಸ್ಕ್ರೂ ಮತ್ತು ಪಟ್ಟಿಗಳಿಗೂ ಅಳತೆಯನ್ನು ಬಣ್ಣದಿಂದಲೇ ಗುರುತಿಸುವಂತೆ ಹೀಗೆ ಬಣ್ಣ ಕೊಡುವುದುಂಟು.

3. ಕೆಲಸದ ಕ್ರಮ

ಮೊದಲು ಭಾಗವು ಟೈಟೇನಿಯಂ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ತಯಾರಕರ ವಿವರಪಟ್ಟಿಯೇ ಉತ್ತಮ ಆಧಾರ. ಅಯಸ್ಕಾಂತಕ್ಕೆ ಅಂಟದಿದ್ದ ಮಾತ್ರಕ್ಕೆ ಅದು ಟೈಟೇನಿಯಂ ಆಗದು. ಸ್ಟೇನ್‌ಲೆಸ್ ಉಕ್ಕಿನ ಹಲವು ಬಗೆಗಳೂ ಅಂಟುವುದಿಲ್ಲ. ಬಹಳಷ್ಟು ಚಾಕುಗಳ ಹಿಡಿ ಗ್ರೇಡ್ 5 ಮಿಶ್ರಲೋಹದ್ದು. ಅದರಲ್ಲಿ ಸುಮಾರು ಶೇಕಡ 6 ಅಲ್ಯೂಮಿನಿಯಂ, ಶೇಕಡ 4 ವೆನೇಡಿಯಂ ಇರುತ್ತದೆ.

ಚಾಕುವನ್ನು ಪೂರ್ತಿಯಾಗಿ ಬಿಚ್ಚಬೇಕು. ಅಲಗು, ಉಕ್ಕಿನ ಸ್ಕ್ರೂ, ಕಂಚಿನ ವಾಷರ್, ಬೇರಿಂಗ್, ಲಾಕ್ ಪಟ್ಟಿಯ ತುದಿಯಲ್ಲಿ ಉಕ್ಕಿನ ತುಣುಕಿದ್ದರೆ ಅದೂ ಸೇರಿ ಯಾವುದೂ ದ್ರಾವಣಕ್ಕೆ ಇಳಿಯಬಾರದು. ಟೈಟೇನಿಯಮೇತರ ಲೋಹ ಮುಳುಗಿದರೆ ವಿದ್ಯುತ್ತೆಲ್ಲ ಅದರ ಮೂಲಕವೇ ಹರಿದು ಬಣ್ಣ ಕೆಡುತ್ತದೆ, ಆ ಭಾಗವೂ ತಿಂದುಹೋಗುತ್ತದೆ. ಬಿಚ್ಚಿದ ಭಾಗಗಳನ್ನು ಜೋಡಣೆಯ ಅನುಕ್ರಮದಲ್ಲಿಯೇ ತಟ್ಟೆಯಲ್ಲಿಟ್ಟು ಫೋಟೋ ತೆಗೆದುಕೊಳ್ಳುವುದು ಒಳ್ಳೆಯ ಅಭ್ಯಾಸ.

ನಂತರ ಮೇಲ್ಮೈ ಸಿದ್ಧತೆ. ಕನ್ನಡಿಯಂತೆ ಪಾಲಿಷ್ ಮಾಡಿದ ಮೇಲ್ಮೈಯಲ್ಲಿ ಬಣ್ಣ ಹೊಳೆಯುತ್ತದೆ. ಮರಳು ಊದಿ ತರಿಯಾಗಿಸಿದ ಮೇಲ್ಮೈಯಲ್ಲಿ ಮಬ್ಬಾಗಿ ಕಾಣುತ್ತದೆ. ಹಳೆಯ ಗೀರುಗಳನ್ನು ಬಣ್ಣ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಉಪ್ಪುಕಾಗದದಿಂದ ಉಜ್ಜುವಾಗ ನೀರು ಹಾಕಿಯೇ ಉಜ್ಜಬೇಕು. ಬಳಿಕ ಸೋಪಿನ ನೀರು, ಶುದ್ಧ ನೀರು, ಕೊನೆಗೆ ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯಬೇಕು. ಆಮೇಲೆ ಬರಿಗೈ ತಾಗಬಾರದು. ಒಂದು ಬೆರಳಗುರುತಿನ ಜಿಡ್ಡು ಸಿದ್ಧ ಭಾಗದ ಮೇಲೆ ಕಲೆಯಾಗಿ ನಿಲ್ಲುತ್ತದೆ. ಬಣ್ಣ ಕೆಡುವ ಹೆಚ್ಚಿನ ಪ್ರಕರಣಗಳಿಗೆ ಕಾರಣ ತೊಟ್ಟಿಯಲ್ಲಿಲ್ಲ, ಈ ತೊಳೆಯುವ ಹಂತದಲ್ಲಿದೆ.

ದ್ರಾವಣ ಸರಳವಾದುದು. ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಒಂದೆರಡು ಚಮಚ ಬಿಳಿಗಾರ, ವಾಷಿಂಗ್ ಸೋಡಾ ಅಥವಾ ಅಡಿಗೆ ಸೋಡಾ ಸಾಕು. ಅಕ್ಕಸಾಲಿಗರಿಗೆ ಬಿಳಿಗಾರ ಪರಿಚಿತ ಪದಾರ್ಥ. ಅಡಿಗೆ ಉಪ್ಪನ್ನು ಮಾತ್ರ ಬಳಸಬಾರದು. ಅದರಿಂದ ಕ್ಲೋರಿನ್ ಅನಿಲ ಹೊರಡುತ್ತದೆ. ಋಣಧ್ರುವಕ್ಕೆ ಸ್ಟೇನ್‌ಲೆಸ್ ಉಕ್ಕಿನ ಅಥವಾ ಟೈಟೇನಿಯಂ ತಗಡು. ಧನಧ್ರುವಕ್ಕೆ ಬಣ್ಣ ಬರಬೇಕಾದ ಭಾಗ. ನೀರಿನಲ್ಲಿ ಮುಳುಗುವ ಸಂಪರ್ಕತಂತಿಯೂ ಟೈಟೇನಿಯಂನದೇ ಆಗಿರಬೇಕು. ಎರಡು ಧ್ರುವಗಳು ಒಂದಕ್ಕೊಂದು ತಾಗಬಾರದು.

ಸೊನ್ನೆಯಿಂದ 120 ವೋಲ್ಟಿನವರೆಗೆ ಹೊಂದಿಸಬಹುದಾದ, ವಿದ್ಯುತ್ ಪ್ರಮಾಣಕ್ಕೆ ಮಿತಿಯುಳ್ಳ ನೇರವಿದ್ಯುತ್ ಸಾಧನವಿದ್ದರೆ ಕೆಲಸ ಅಚ್ಚುಕಟ್ಟು. ಹವ್ಯಾಸಿಗಳು 9 ವೋಲ್ಟಿನ ಬ್ಯಾಟರಿಗಳನ್ನು ಸಾಲಾಗಿ ಜೋಡಿಸುವುದೂ ಉಂಟು. ಹತ್ತು ಸೇರಿದರೆ ಸುಮಾರು 90 ವೋಲ್ಟ್. ಆದರೆ ಬ್ಯಾಟರಿ ಸವೆದಂತೆ ವೋಲ್ಟೇಜ್ ಇಳಿದು ಬಣ್ಣ ಬದಲಾಗುವುದರಿಂದ ಹಣ ಪಡೆದು ಮಾಡುವ ಕೆಲಸಕ್ಕೆ ಅದು ಒಗ್ಗುವುದಿಲ್ಲ. ವಿದ್ಯುತ್ ಹಾಯಿಸಿದೊಡನೆ ಬಣ್ಣಗಳು ಒಂದರ ಹಿಂದೊಂದು ಸರಿದು ನಿಗದಿತ ಬಣ್ಣದಲ್ಲಿ ನಿಲ್ಲುತ್ತವೆ, ಅಮ್ಮೀಟರಿನ ಮುಳ್ಳು ಇಳಿಯುತ್ತದೆ. ಆಗ ವಿದ್ಯುತ್ ನಿಲ್ಲಿಸಿ, ಭಾಗವನ್ನು ತೆಗೆದು, ತೊಳೆದು, ಒಣಗಿಸಬೇಕು. ಒದ್ದೆಯಾಗಿದ್ದಾಗ ಕಂಡ ಬಣ್ಣ ಒಣಗಿದಾಗ ಕೊಂಚ ಬೇರೆಯಾಗಿ ಕಾಣುತ್ತದೆ.

ಗ್ರೇಡ್ 5 ಲೋಹಕ್ಕೆ ಅಂದಾಜು ಬಣ್ಣಗಳು ಹೀಗಿವೆ:

10–12 ವೋಲ್ಟ್: ಕಂಚಿನ ಛಾಯೆಯ ಹೊಂಬಣ್ಣ
16–20 ವೋಲ್ಟ್: ನೇರಳೆ
22–28 ವೋಲ್ಟ್: ಕಡುನೀಲಿ
30–40 ವೋಲ್ಟ್: ತಿಳಿನೀಲಿ
45–50 ವೋಲ್ಟ್: ಬೆಳ್ಳಿಯ ಛಾಯೆಯ ಮಂದನೀಲಿ
55–60 ವೋಲ್ಟ್: ಹಳದಿ, ಚಿನ್ನದ ಬಣ್ಣ
65–75 ವೋಲ್ಟ್: ಗುಲಾಬಿ
80–85 ವೋಲ್ಟ್: ಗುಲಾಬಿ ಮಿಶ್ರಿತ ನೇರಳೆ
90 ವೋಲ್ಟಿನ ಆಸುಪಾಸು: ನೀಲಿ ಮಿಶ್ರಿತ ಹಸಿರು
95–105 ವೋಲ್ಟ್: ಹಸಿರು

ಮಿಶ್ರಲೋಹ, ಮೇಲ್ಮೈ, ದ್ರಾವಣ ಬದಲಾದರೆ ಈ ಅಂಕಿಗಳೂ ಕೆಲವು ವೋಲ್ಟ್ ಆಚೀಚೆ ಆಗುತ್ತವೆ. ಆದುದರಿಂದ ಪ್ರತಿ ಘಟಕವೂ ತನ್ನದೇ ಮಾದರಿ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಬೇಕು.

ಎರಡು ಬಣ್ಣದ ಕೆಲಸಕ್ಕೆ ಒಂದು ಸುಲಭೋಪಾಯವಿದೆ. ಮೊದಲು ಹೆಚ್ಚಿನ ವೋಲ್ಟೇಜಿನ ಬಣ್ಣವನ್ನು ಇಡೀ ಭಾಗಕ್ಕೆ ಕೊಡಬೇಕು. ಅನಂತರ ಬೇಕಾದ ಕಡೆ ಆ ಪದರವನ್ನು ಉಜ್ಜಿ ತೆಗೆದು, ತೊಳೆದು, ಕಡಿಮೆ ವೋಲ್ಟೇಜಿನಲ್ಲಿ ಮತ್ತೆ ಇಳಿಸಬೇಕು. ಬರಿಯ ಲೋಹವಿರುವ ಕಡೆ ಮಾತ್ರ ಹೊಸ ಬಣ್ಣ ಮೂಡುತ್ತದೆ. ದಪ್ಪ ಪದರವಿರುವ ಕಡೆ ಹಳೆಯ ಬಣ್ಣ ಹಾಗೆಯೇ ಉಳಿಯುತ್ತದೆ.

4. ಬಾಳಿಕೆಯ ಬಗ್ಗೆ ಸತ್ಯ ಸಂಗತಿ

ಹಸಿರು ಬಣ್ಣದ ಪದರದ ದಪ್ಪವೂ ಸುಮಾರು 200 ನ್ಯಾನೋಮೀಟರ್ ಮಾತ್ರ. ಅಂದರೆ ಒಂದು ಮೈಕ್ರಾನಿನ ಐದನೇ ಒಂದು ಭಾಗ. ಬಿಸಿಲಿಗೆ ಅದು ಮಾಸುವುದಿಲ್ಲ, ಸುಲಿದು ಬರುವುದಿಲ್ಲ. ಆದರೆ ಜೇಬಿನಲ್ಲಿ ಬೀಗದ ಕೈ, ನಾಣ್ಯಗಳೊಡನೆ ಉಜ್ಜಾಡಿದರೆ ಗೀರು ಬೀಳುತ್ತದೆ, ಅಂಚುಗಳು ಮೊದಲು ಸವೆಯುತ್ತವೆ. ಕೈಯ ಜಿಡ್ಡು ಅಂಟಿದಾಗ ಬಣ್ಣ ಬದಲಾದಂತೆ ತೋರುತ್ತದೆ. ಆಲ್ಕೋಹಾಲಿನಿಂದ ಒರೆಸಿದರೆ ಮರಳುತ್ತದೆ. ಇದನ್ನು ಗಟ್ಟಿ ಲೇಪನವೆಂದು ಮಾರಿದರೆ ಮೂರೇ ತಿಂಗಳಲ್ಲಿ ದೂರು ಬರುತ್ತದೆ. ಅಲಂಕಾರದ ಪದರ, ಸವೆತಕ್ಕೆ ಖಾತರಿಯಿಲ್ಲ ಎಂಬ ಒಂದು ಸಾಲು ಆರ್ಡರು ಚೀಟಿಯಲ್ಲಿಯೇ ಮುದ್ರಿತವಾಗಿರಲಿ.

5. ಸುರಕ್ಷತೆ

ಮನೆಯಲ್ಲಿ ಮಾಡಬಹುದಾದ ಕೆಲಸವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಒದ್ದೆ ಕೈಯಲ್ಲಿ 60 ವೋಲ್ಟ್ ಮೀರಿದ ನೇರವಿದ್ಯುತ್ತಿನ ಸ್ಪರ್ಶ ಪ್ರಾಣಕ್ಕೆ ಎರವಾಗಬಹುದು. ಮನೆಯ ವಿದ್ಯುತ್ತನ್ನು ನೇರವಾಗಿ ಡಯೋಡಿನ ಮೂಲಕ ತೊಟ್ಟಿಗೆ ಕೊಡುವ ಅಗ್ಗದ ಏರ್ಪಾಟುಗಳನ್ನು ಎಂದಿಗೂ ಬಳಸಬಾರದು. ಟ್ರಾನ್ಸ್‌ಫಾರ್ಮರಿನಿಂದ ಬೇರ್ಪಡಿಸಿದ ಸಾಧನವೇ ಬೇಕು. ರಬ್ಬರ್ ಕೈಗವಸು, ಒಣನೆಲ, ಕಾಲಿಗೆ ರಬ್ಬರ್ ಚಾಪೆ ಕಡ್ಡಾಯ. ವಿದ್ಯುತ್ ನಿಲ್ಲಿಸದೆ ಕೈ ಇಳಿಸಕೂಡದು. ಋಣಧ್ರುವದಲ್ಲಿ ಜಲಜನಕ ಹೊರಡುವುದರಿಂದ ಗಾಳಿಯಾಡುವ ಜಾಗ ಬೇಕು, ಬೆಂಕಿ ಹತ್ತಿರವಿರಬಾರದು. ಅಸಿಟೋನ್ ಸಹ ಬೇಗ ಹೊತ್ತಿಕೊಳ್ಳುತ್ತದೆ.

ಟೈಟೇನಿಯಂನ ಒಣ ನುಣುಪು ಪುಡಿ ಉರಿಯುವ ವಸ್ತು. ಅದಕ್ಕೆ ಬೆಂಕಿ ತಗಲಿದರೆ ನೀರು ಹಾಕಬಾರದು, ಒಣ ಮರಳನ್ನು ಸುರಿಯಬೇಕು. ಹಳೆಯ ಪದರವನ್ನು ತೆಗೆಯಲು ದೊಡ್ಡ ಕಾರ್ಖಾನೆಗಳು ಹೈಡ್ರೋಫ್ಲೋರಿಕ್ ಆಮ್ಲವನ್ನು ಬಳಸುತ್ತವೆ. ಚರ್ಮದ ಮೂಲಕ ಒಳಸೇರಿ ರಕ್ತದ ಕ್ಯಾಲ್ಸಿಯಂ ಕುಗ್ಗಿಸಿ ಹೃದಯವನ್ನೇ ನಿಲ್ಲಿಸಬಲ್ಲ ಆಮ್ಲ ಅದು. ಮನೆ ಅಥವಾ ಸಣ್ಣ ಘಟಕದಲ್ಲಿ ಅದಕ್ಕೆ ಸ್ಥಾನವಿಲ್ಲ. ಉಪ್ಪುಕಾಗದ ಮತ್ತು ಪಾಲಿಷ್ ಚಕ್ರದಲ್ಲಿಯೇ ಕೆಲಸ ಮುಗಿಸಬೇಕು. ವ್ಯಾಪಾರವಾಗಿ ಆರಂಭಿಸುವವರು ತ್ಯಾಜ್ಯ ನೀರಿನ ಬಗ್ಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

6. ವೆಚ್ಚದ ಲೆಕ್ಕ

ಈಗ ಮುಖ್ಯ ವಿಷಯ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿಕೊಂಡವು. ಪ್ರತಿ ಘಟಕವೂ ತನ್ನ ಅಂಕಿಗಳನ್ನು ಹಾಕಿಕೊಳ್ಳಬೇಕು. ತಿಂಗಳಿಗೆ 40 ಚಾಕುಗಳ ಕೆಲಸ ಮಾಡುವ ಘಟಕವೊಂದಿದೆ ಎನ್ನೋಣ.

ವಿದ್ಯುತ್: 100 ವೋಲ್ಟ್, ಸರಾಸರಿ ಅರ್ಧ ಆಂಪಿಯರ್, 30 ಸೆಕೆಂಡು ಎಂದರೆ 1,500 ಜೂಲ್. ಒಂದು ಯೂನಿಟ್ಟಿಗೆ 36 ಲಕ್ಷ ಜೂಲ್. ಯೂನಿಟ್ಟಿನ ದರ 8 ರೂಪಾಯಿ ಎಂದು ಹಿಡಿದರೂ ಖರ್ಚು ಪೈಸೆಯ ಮೂರನೇ ಒಂದು ಭಾಗ. ಇದನ್ನು ಬಿಟ್ಟುಬಿಡಬಹುದು.

ಶ್ರಮ: ಬಿಚ್ಚಲು 15 ನಿಮಿಷ, ಮೇಲ್ಮೈ ಸಿದ್ಧತೆಗೆ 40, ತೊಳೆಯಲು 15, ತೊಟ್ಟಿಯಲ್ಲಿ 5, ಜೋಡಿಸಿ ಹೊಂದಿಸಲು 20, ತಪಾಸಣೆಗೆ 10, ಒಟ್ಟು 105 ನಿಮಿಷ. ಹತ್ತರಲ್ಲಿ ಒಂದು ಕೆಡುತ್ತದೆ ಎಂದಿಟ್ಟುಕೊಂಡರೆ ಸಿದ್ಧತೆ, ತೊಳೆಯುವಿಕೆ, ತೊಟ್ಟಿಯ 60 ನಿಮಿಷ ಮರುಕೆಲಸದಲ್ಲಿ ಪ್ರತಿ ಚಾಕುವಿನ ಪಾಲು 6 ನಿಮಿಷ. ಒಟ್ಟು 111 ನಿಮಿಷ. ಗಂಟೆಗೆ 150 ರೂಪಾಯಿಯಂತೆ 277 ರೂಪಾಯಿ 50 ಪೈಸೆ.

ಉಪಭೋಗ್ಯ ವಸ್ತುಗಳು: ಉಪ್ಪುಕಾಗದ, ಅಸಿಟೋನ್, ಕೈಗವಸು, ದ್ರಾವಣ 25 ರೂಪಾಯಿ, ಮರುಕೆಲಸದ ಪಾಲು 2 ರೂಪಾಯಿ 50 ಪೈಸೆ.

ಸಾಧನಗಳ ಸವಕಳಿ: 24,000 ರೂಪಾಯಿಯ ಸಾಧನಗಳು ಐದು ವರ್ಷ ಬಾಳಿದರೆ ವರ್ಷಕ್ಕೆ 4,800, ವರ್ಷದ 480 ಚಾಕುಗಳಿಗೆ ತಲಾ 10 ರೂಪಾಯಿ.

ಸ್ಥಿರ ವೆಚ್ಚ: ಬಾಡಿಗೆ, ದೀಪ, ಫೋನು, ಲೆಕ್ಕಪತ್ರ ತಿಂಗಳಿಗೆ 4,000; 40 ಚಾಕುಗಳಿಗೆ ತಲಾ 100 ರೂಪಾಯಿ.

ಒಟ್ಟು ವೆಚ್ಚ 415 ರೂಪಾಯಿ. ಶೇಕಡ 20 ಲಾಭ ಸೇರಿಸಿದರೆ 498, ಅಂದರೆ ಸುಮಾರು 500 ರೂಪಾಯಿ ನ್ಯಾಯವಾದ ದರ.

ಇನ್ನು ತೊಟ್ಟಿಯ ಕೆಲಸ ಅರ್ಧ ನಿಮಿಷದ್ದಲ್ಲವೇ ಎಂದು ಗ್ರಾಹಕ ಚೌಕಾಸಿ ಮಾಡಿ, ಘಟಕ 150 ರೂಪಾಯಿಗೆ ಒಪ್ಪಿತು ಎನ್ನೋಣ. ಅದರಲ್ಲಿ ವಸ್ತುಗಳಿಗೆ 27 ರೂಪಾಯಿ 50 ಪೈಸೆ, ಸವಕಳಿಗೆ 10, ಸ್ಥಿರ ವೆಚ್ಚಕ್ಕೆ 100 ಕಳೆದರೆ ಉಳಿಯುವುದು 12 ರೂಪಾಯಿ 50 ಪೈಸೆ. ಸುಮಾರು ಎರಡು ಗಂಟೆಯ ಕುಶಲ ದುಡಿಮೆಗೆ ಸಿಕ್ಕ ಕೂಲಿ ಅದು. ಮಾಲೀಕನೇ ಕೈಯಾರೆ ಮಾಡುವ ಘಟಕಗಳಲ್ಲಿ ಈ ನಷ್ಟ ಪುಸ್ತಕದಲ್ಲಿ ಕಾಣುವುದಿಲ್ಲ. ಏಕೆಂದರೆ ಅವನು ತನಗೆ ಕೂಲಿ ಬರೆದುಕೊಳ್ಳುವುದಿಲ್ಲ. ಕೈಯಲ್ಲಿ ಉಳಿದ ನಗದನ್ನು ಲಾಭವೆಂದು ಭಾವಿಸುತ್ತಾನೆ. ಸಹಾಯಕನೊಬ್ಬನನ್ನು ನೇಮಿಸಿದ ದಿನ ಸತ್ಯ ಹೊರಬೀಳುತ್ತದೆ. ಮಾಲೀಕನ ದುಡಿಮೆಯ ಗಂಟೆಗೂ ದರ ನಿಗದಿಮಾಡಿ ವೆಚ್ಚಕ್ಕೆ ಸೇರಿಸುವುದು ಈ ಪಾಠದ ಮೊದಲ ಸೂತ್ರ.

7. ಬಿಡಿ ಕೆಲಸವೋ, ಗುಂಪು ಕೆಲಸವೋ

ಅದೇ ಘಟಕಕ್ಕೆ ತಯಾರಕನೊಬ್ಬ ಜೋಡಿಸದ ಬಿಡಿಪಟ್ಟಿಗಳನ್ನೇ ನೂರಾರು ಸಂಖ್ಯೆಯಲ್ಲಿ ಕಳುಹಿಸಿದರೆ ಲೆಕ್ಕ ಬದಲಾಗುತ್ತದೆ. ಬಿಚ್ಚುವ, ಜೋಡಿಸುವ ಕೆಲಸವಿಲ್ಲ. ಹೊರಳಿಸುವ ಡ್ರಮ್ಮಿನಲ್ಲಿ ಮೇಲ್ಮೈ ಸಿದ್ಧತೆ ಒಟ್ಟಿಗೆ ಆಗುತ್ತದೆ. ಪಟ್ಟಿಯೊಂದಕ್ಕೆ ಸಿದ್ಧತೆ 10, ತೊಳೆಯಲು 3, ತೊಟ್ಟಿ 2, ತಪಾಸಣೆ 2, ಮರುಕೆಲಸದ ಪಾಲು ಒಂದೂವರೆ. ಒಟ್ಟು ಹದಿನೆಂಟೂವರೆ ನಿಮಿಷ, 46 ರೂಪಾಯಿ 25 ಪೈಸೆ. ಮೊದಲಿನಷ್ಟೇ ಶ್ರಮಕ್ಕೆ, ಅಂದರೆ ತಿಂಗಳಿಗೆ 74 ಗಂಟೆಗೆ, 240 ಪಟ್ಟಿಗಳು ಮುಗಿಯುತ್ತವೆ. ಸ್ಥಿರ ವೆಚ್ಚ ತಲಾ ಸುಮಾರು 16 ರೂಪಾಯಿ 67 ಪೈಸೆ. ಡ್ರಮ್ಮಿಗೆಂದು ಇನ್ನೂ 36,000 ರೂಪಾಯಿ ಹೂಡಿದರೂ ಸವಕಳಿ ತಲಾ 4 ರೂಪಾಯಿ 17 ಪೈಸೆ. ವಸ್ತುಗಳಿಗೆ 11 ರೂಪಾಯಿ. ಒಟ್ಟು ಸುಮಾರು 78 ರೂಪಾಯಿ. ಲಾಭ ಸೇರಿ 94.

ಬಿಡಿ ಚಾಕುವಿಗೆ 500, ಗುಂಪಿನ ಪಟ್ಟಿಗೆ 94 ಎಂದಾಗ ಎರಡನೆಯದು ನಷ್ಟದ ದರವೆಂದು ತೋರಬಹುದು. ವಾಸ್ತವದಲ್ಲಿ ತಿಂಗಳ ಲಾಭ ಮೊದಲನೆಯದರಲ್ಲಿ ಸುಮಾರು 3,400, ಎರಡನೆಯದರಲ್ಲಿ ಸುಮಾರು 3,800; ದುಡಿಮೆಯ ಕೂಲಿ ಎರಡರಲ್ಲೂ ಪೂರ್ತಿ ಸಿಕ್ಕಿದೆ. ದರ ಇಳಿದದ್ದು ಕೆಲಸದ ನಿಮಿಷಗಳು ಇಳಿದದ್ದರಿಂದ, ಚೌಕಾಸಿಯಿಂದಲ್ಲ. ಗುಂಪಿನ ದರವನ್ನು ತೋರಿಸಿ ಬಿಡಿ ಕೆಲಸಕ್ಕೂ ಅದೇ ದರ ಕೇಳುವ ಗ್ರಾಹಕನಿಗೆ ಉತ್ತರ ಈ ನಿಮಿಷಗಳ ಪಟ್ಟಿಯಲ್ಲಿದೆ.

8. ಪರರ ವಸ್ತು, ಕರಾರು ಮತ್ತು ತೆರಿಗೆ

ಕೆಲಸಕ್ಕಾಗಿ ಬಂದ ಚಾಕು ಘಟಕದ ಸ್ವತ್ತಲ್ಲ. ಅದನ್ನು ದಾಸ್ತಾನಿನಲ್ಲಿ ತೋರಿಸಬಾರದು. 1872ರ ಭಾರತೀಯ ಕರಾರು ಕಾಯಿದೆಯ 148ನೇ ಕಲಮಿನಂತೆ ಇದು ನಿಕ್ಷೇಪ. ತನ್ನ ಸ್ವಂತ ವಸ್ತುವಿನ ಬಗ್ಗೆ ಸಾಮಾನ್ಯ ವಿವೇಕಿಯೊಬ್ಬ ವಹಿಸುವಷ್ಟು ಎಚ್ಚರಿಕೆಯನ್ನು ಇಲ್ಲಿಯೂ ವಹಿಸಬೇಕೆಂದು 151ನೇ ಕಲಮು ಹೇಳುತ್ತದೆ. ಐನೂರು ರೂಪಾಯಿ ಕೆಲಸಕ್ಕೆ ಬಂದ ಆಮದು ಚಾಕುವಿನ ಬೆಲೆ ಹಲವು ಸಾವಿರ ಇರಬಹುದು. ಆದಕಾರಣ ಸ್ವೀಕರಿಸುವಾಗಲೇ ವಸ್ತುವಿನ ಸ್ಥಿತಿ, ಇದ್ದ ಗೀರುಗಳು, ಒಪ್ಪಿದ ಬಣ್ಣ, ಬಣ್ಣದಲ್ಲಿ ಸಣ್ಣ ವ್ಯತ್ಯಾಸಕ್ಕೆ ಒಪ್ಪಿಗೆ, ಬಿಚ್ಚುವುದರಿಂದ ತಯಾರಕರ ಖಾತರಿ ರದ್ದಾಗಬಹುದೆಂಬ ತಿಳಿವಳಿಕೆ ಇಷ್ಟನ್ನೂ ಬರೆದು ಸಹಿ ಪಡೆಯಬೇಕು. ಕೌಶಲ ಅಥವಾ ಶ್ರಮ ವ್ಯಯಿಸಿದ ಮೇಲೆ ತಕ್ಕ ಪ್ರತಿಫಲ ಬರುವ ತನಕ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, 170ನೇ ಕಲಮು ಕೊಡುತ್ತದೆ.

ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಲ್ಲಿ ನೋಂದಾಯಿತ ವ್ಯಕ್ತಿಯ ಸರಕಿನ ಮೇಲೆ ಇನ್ನೊಬ್ಬ ಮಾಡುವ ಸಂಸ್ಕರಣೆ ಜಾಬ್ ವರ್ಕ್ ಎನಿಸುತ್ತದೆ. ನೋಂದಣಿಯಿಲ್ಲದ ಹವ್ಯಾಸಿಯ ಚಾಕುವಿನ ಮೇಲಿನ ಕೆಲಸ ಆ ವ್ಯಾಖ್ಯೆಗೆ ಸೇರದ ಸೇವೆ. ಎರಡಕ್ಕೂ ತೆರಿಗೆಯ ದರ ಬೇರೆಯಾಗಬಹುದಾದ್ದರಿಂದ ಬಿಲ್ಲು ಮಾಡುವ ದಿನ ಜಾರಿಯಲ್ಲಿರುವ ದರವನ್ನು ನೋಡಿಕೊಳ್ಳಬೇಕು. ಕೇವಲ ಸೇವೆ ಒದಗಿಸುವವರಿಗೆ ಕರ್ನಾಟಕದಲ್ಲಿ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿ 20 ಲಕ್ಷ ರೂಪಾಯಿ. ಅದೇ ಮಾಲೀಕನ ಇತರ ವ್ಯಾಪಾರವೂ ಈ ಮಿತಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬಾರದು. ಸರಕನ್ನು ಕಳುಹಿಸುವ ನೋಂದಾಯಿತ ತಯಾರಕ 143ನೇ ಕಲಮಿನಂತೆ ತೆರಿಗೆ ಕಟ್ಟದೆ ಚಲನ್ ಮೇಲೆ ಕಳುಹಿಸಬಹುದು. ಆದರೆ ಅದು ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಜಾಬ್ ವರ್ಕ್ ಸ್ಥಳದಿಂದಲೇ ಮಾರಾಟವಾಗಬೇಕು. ಅವಧಿ ವಿಸ್ತರಣೆ ಪಡೆಯದೆ ವರ್ಷ ಮೀರಿದರೆ ಕಳುಹಿಸಿದ ದಿನವೇ ಮಾರಾಟವಾಯಿತೆಂದು ಪರಿಗಣಿಸಿ ತೆರಿಗೆ, ಬಡ್ಡಿ ಬರುತ್ತದೆ. ಆದ್ದರಿಂದ ಚಲನ್ ಪ್ರತಿಗಳನ್ನು ಎರಡೂ ಕಡೆ ಜೋಪಾನ ಮಾಡಬೇಕು.

ಹಣ ವಸೂಲಿಯ ವಿಷಯ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯಿದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಘಟಕಗಳಿಗೆ ಖರೀದಿದಾರ ಒಪ್ಪಂದದ ಅವಧಿಯಲ್ಲಿ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಇದರ ಉಪಯೋಗಕ್ಕೆ ಉದ್ಯಮ್ ನೋಂದಣಿಯನ್ನು ಕೆಲಸ ಆರಂಭಿಸುವ ಮೊದಲೇ ಮಾಡಿಸಿ, ಅದರ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸುವುದು ಒಳಿತು.

ಚಾಕುವಿನ ವ್ಯವಹಾರಕ್ಕೆ ಸಂಬಂಧಿಸಿ ಇನ್ನೊಂದು ಎಚ್ಚರಿಕೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಆಯುಧಗಳನ್ನು ಪ್ರತ್ಯೇಕ ವರ್ಗದಲ್ಲಿ ಸೇರಿಸಲಾಗಿದೆ. ಗೃಹ, ಕೃಷಿ, ವೈಜ್ಞಾನಿಕ, ಕೈಗಾರಿಕಾ ಬಳಕೆಗೆ ರೂಪಿಸಿದವುಗಳಿಗೆ ವಿನಾಯಿತಿಯಿದೆ. ಸಾಮಾನ್ಯ ಜೇಬುಚಾಕು ಈ ಅಳತೆಯೊಳಗೇ ಇರುತ್ತದೆ. ಆದರೂ ಗುಂಡಿ ಒತ್ತಿದೊಡನೆ ಸ್ಪ್ರಿಂಗಿನಿಂದ ಚಿಮ್ಮುವ ಚಾಕುಗಳ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಕ್ಷೇಮ. ತಂದವರ ಹೆಸರು, ವಿಳಾಸ ದಾಖಲಿಸಿಕೊಳ್ಳುವುದು ಘಟಕದ ರಕ್ಷಣೆಗೇ ಒಳ್ಳೆಯದು.

9. ದಾಖಲೆಯೇ ಬಂಡವಾಳ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ನಿರ್ಮಾಣವಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ವಿಮಾನೋದ್ಯಮ ಹತ್ತಿರ ಬಂದ ಮೇಲೆ ಟೈಟೇನಿಯಂ ಕೆಲಸ ಕಲಿತವರಿಗೆ ಅಲ್ಲಿಂದ ಆರ್ಡರು ತಾನಾಗಿ ಬರುತ್ತದೆಂದು ಎಣಿಸುವುದು ಸರಿಯಲ್ಲ. ಹಾರುವ ಯಂತ್ರದ ಬಿಡಿಭಾಗಗಳ ಮೇಲ್ಮೈ ಸಂಸ್ಕರಣೆಗೆ ಎಎಸ್ 9100 ಗುಣಮಟ್ಟ ವ್ಯವಸ್ಥೆ, ನ್ಯಾಡ್‌ಕ್ಯಾಪ್‌ನಂಥ ಪ್ರಕ್ರಿಯಾ ಮಾನ್ಯತೆ, ಗ್ರಾಹಕರ ಲಿಖಿತ ಅನುಮೋದನೆ ಇವುಗಳ ದೀರ್ಘ ದಾರಿಯಿದೆ. ಅಲ್ಲಿ ಮೊದಲು ಕೇಳುವುದು ಬಣ್ಣದ ಅಂದವನ್ನಲ್ಲ; ಮಾಡಿದ ಕೆಲಸಕ್ಕೆ ದಾಖಲೆ ಇದೆಯೇ, ಅದೇ ಫಲಿತಾಂಶವನ್ನು ಮತ್ತೆ ತರಬಲ್ಲಿರಾ ಎಂಬುದನ್ನು.

ಆ ಅಭ್ಯಾಸವನ್ನು ಜೇಬುಚಾಕುವಿನ ಮೇಲೆಯೇ ಆರಂಭಿಸಬಹುದು. ಒಂದು ರಿಜಿಸ್ಟರಿನಲ್ಲಿ ದಿನಾಂಕ, ಕೆಲಸದ ಸಂಖ್ಯೆ, ಲೋಹದ ಗ್ರೇಡ್, ಮೇಲ್ಮೈ ಸಿದ್ಧತೆ, ದ್ರಾವಣದ ಪ್ರಮಾಣ, ವೋಲ್ಟೇಜ್, ಸಮಯ, ಬಂದ ಬಣ್ಣ, ಮರುಕೆಲಸವಿದ್ದರೆ ಅದರ ಕಾರಣ, ತಗಲಿದ ನಿಮಿಷಗಳು ಇಷ್ಟು ಕಲಮುಗಳಿದ್ದರೆ ಸಾಕು. ಅದೇ ಲೋಹದ ಸಣ್ಣ ಪಟ್ಟಿಗಳ ಮೇಲೆ ಐದೈದು ವೋಲ್ಟಿನ ಅಂತರದಲ್ಲಿ ಬಣ್ಣ ತಂದು, ಹಿಂದೆ ಅಂಕಿ ಕೊರೆದು ಇಟ್ಟುಕೊಳ್ಳಬೇಕು. ಗ್ರಾಹಕ ಬಣ್ಣವನ್ನು ಆರಿಸುವುದೂ, ಆಮೇಲೆ ತಕರಾರು ಬಂದರೆ ಹೋಲಿಸಿ ನೋಡುವುದೂ ಈ ಪಟ್ಟಿಗಳ ಮೇಲೆಯೇ.

ಹೊಸದಾಗಿ ತೊಡಗುವ ಘಟಕ ಮೊದಲ ತಿಂಗಳು ಹಣದ ಕೆಲಸ ಹಿಡಿಯದೆ ತುಂಡು ಲೋಹದ ಮೇಲೆ ಅಭ್ಯಾಸ ಮಾಡಲಿ. ಆಗ ಬರೆದಿಟ್ಟ ನಿಮಿಷಗಳಿಂದಲೇ ತನ್ನ ದರಪಟ್ಟಿಯನ್ನು ಕಟ್ಟಲಿ. ಎರಡನೆಯ ತಿಂಗಳು ಕೆಲವೇ ಆರ್ಡರುಗಳನ್ನು ಪಡೆದು, ಅಂದಾಜಿಸಿದ ನಿಮಿಷಗಳನ್ನೂ ನಿಜವಾಗಿ ತಗಲಿದ ನಿಮಿಷಗಳನ್ನೂ ಹೋಲಿಸಿ ದರವನ್ನು ತಿದ್ದಲಿ. ವರ್ಷಕ್ಕೊಮ್ಮೆ, ಲೆಕ್ಕ ಮುಗಿಸುವ ಮಾರ್ಚ್ ತಿಂಗಳಿನಲ್ಲಿ, ಕೂಲಿ, ಬಾಡಿಗೆ, ಮರುಕೆಲಸದ ಪ್ರಮಾಣ ಈ ಮೂರನ್ನೂ ಪರಿಶೀಲಿಸಿ ದರಪಟ್ಟಿಯನ್ನು ಹೊಸದಾಗಿಸಬೇಕು. ಟೈಟೇನಿಯಂ ಇರಲಿ, ಪೌಡರ್ ಕೋಟಿಂಗ್ ಇರಲಿ, ನಿಕಲ್ ಪ್ಲೇಟಿಂಗ್ ಇರಲಿ, ಜಾಬ್ ವರ್ಕ್ ನಂಬಿದ ಎಲ್ಲ ಸಣ್ಣ ಘಟಕಗಳಿಗೂ ಈ ಕ್ರಮ ಸಮಾನವಾಗಿ ಅನ್ವಯಿಸುತ್ತದೆ.